ಲಿಬ್ರೆ ಬಿಲ್ಲೆ: 14 ದಿನಕ್ಕೆ ಐದು ಸಾವಿರ ಕೊಡಬಹುದೇ?

ಲಿಬ್ರೆ ಎಂದರೆ ತೋಳಿಗೆ ಅಂಟಿಸಿಕೊಂಡು ಹಗಲೂ ರಾತ್ರಿ ಶುಗರ್ ಅಳೆಯುವ ಬಿಲ್ಲೆಯಾಕಾರದ ಸೆನ್ಸರ್. ತೀರ್ಪು ಮೊದಲೇ ಹೇಳಿಬಿಡೋಣ, ಏಕೆಂದರೆ ಇದರ ಬೆಲೆ ಐದು ಸಾವಿರ ರೂಪಾಯಿಯ ಆಸುಪಾಸು, ಆಯಸ್ಸು ಬರೀ 14 ದಿನ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಆಗಾಗ ಶುಗರ್ ಇಳಿದು ಬೆವರುವವರಿಗೆ ಅಬಾಟ್ ಕಂಪನಿಯ ಫ್ರೀಸ್ಟೈಲ್ ಲಿಬ್ರೆ ಕೊಟ್ಟ ಕಾಸಿಗೆ ಮೋಸವಿಲ್ಲದ ವಸ್ತು. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ವರ್ಷಕ್ಕೆ ಒಂದೋ ಎರಡೋ ಬಿಲ್ಲೆ ಸಾಕು, ಅದೂ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಂಡರೆ ಮಾತ್ರ. ಸಕ್ಕರೆ ಕಾಯಿಲೆಯೇ ಇಲ್ಲದವರು ಈ ದುಡ್ಡಿಗೆ ಒಂದು ಜೊತೆ ಒಳ್ಳೆಯ ವಾಕಿಂಗ್ ಶೂ ತರಬಹುದು.

ಇಲ್ಲಿ ಹೇಳುತ್ತಿರುವುದು ಫೋನ್ ಹಿಡಿದು ಸ್ಕ್ಯಾನ್ ಮಾಡುವ ಮೊದಲ ತಲೆಮಾರಿನ ಲಿಬ್ರೆಯ ಬಗ್ಗೆ. ಲಿಬ್ರೆ 2ರಿಂದಾಚೆಗೆ ಶುಗರ್ ಇಳಿದಾಗ ಫೋನೇ ಕೂಗಿ ಎಬ್ಬಿಸುತ್ತದೆ, ಇದರಲ್ಲಿ ಆ ಸೌಲಭ್ಯವಿಲ್ಲ. ರಾತ್ರಿ ನಿದ್ದೆಯಲ್ಲೇ ಶುಗರ್ ಕುಸಿಯುವ ಅಭ್ಯಾಸ ಇರುವವರು ಕೊಳ್ಳುವಾಗ ಪೆಟ್ಟಿಗೆ ತಿರುಗಿಸಿ ಯಾವುದೆಂದು ನೋಡಿಕೊಳ್ಳಬೇಕು.

ಬಿಲ್ಲೆ 35 ಮಿ.ಮೀ. ಅಗಲ, 5 ಮಿ.ಮೀ. ದಪ್ಪ, ಹತ್ತು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದು. ಅದರ ಹೊಟ್ಟೆಯಿಂದ ಕೂದಲಿನಂಥ ಒಂದು ಎಳೆ ಚರ್ಮದೊಳಕ್ಕೆ ಸುಮಾರು 5 ಮಿ.ಮೀ. ಇಳಿದಿರುತ್ತದೆ. ಎಳೆಯ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಲೇಪಿಸಿರುತ್ತಾರೆ. ಗ್ಲೂಕೋಸ್ ತಾಗಿದಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಬಿಲ್ಲೆ ಪ್ರತಿ ನಿಮಿಷ ಅಳೆಯುತ್ತದೆ, 15 ನಿಮಿಷಕ್ಕೊಮ್ಮೆ ಬರೆದಿಡುತ್ತದೆ. ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವೆ ಇರುವ ದ್ರವವನ್ನು. ರಕ್ತದಲ್ಲಿ ಶುಗರ್ ಏರಿದ ಸುದ್ದಿ ಅಲ್ಲಿಗೆ ತಲುಪುವುದಕ್ಕೆ 5ರಿಂದ 10 ನಿಮಿಷ ಬೇಕು. ಈ ಒಂದು ಮಾತು ತಲೆಯಲ್ಲಿದ್ದರೆ "ಮೀಟರಿನಲ್ಲಿ 190, ಬಿಲ್ಲೆಯಲ್ಲಿ 160, ಯಾವುದು ಸುಳ್ಳು?" ಎಂಬ ಜಗಳ ಅರ್ಧ ಮುಗಿದಂತೆ (ಇಲ್ಲಿನ ಶುಗರ್ ಅಂಕಿಗಳೆಲ್ಲ ಮಿ.ಗ್ರಾಂ/ಡೆ.ಲೀ. ಲೆಕ್ಕದಲ್ಲಿ). ಊಟವಾಗಿ ಮುಕ್ಕಾಲು ಗಂಟೆಯಲ್ಲಿ ಎರಡನ್ನೂ ಹೋಲಿಸಬಾರದು. ಸ್ಕ್ರೀನಿನ ಬಾಣ ಅಡ್ಡಡ್ಡ ಮಲಗಿದ್ದಾಗ, ಅಂದರೆ ಶುಗರ್ ಏರದೆ ಇಳಿಯದೆ ಇದ್ದಾಗ ಬೆರಳು ಚುಚ್ಚಿ ನೋಡಿ. ಆಗಲೂ ಶೇ 20ರ ತನಕ ಅಂತರ ಇರಬಹುದು. ಈ ತಲೆಮಾರಿನ ಬಿಲ್ಲೆಯನ್ನು ಬೆರಳಿನ ರಕ್ತದ ಜೊತೆ ಇಟ್ಟು ನೋಡಿದ 2015ರ ಅಧ್ಯಯನದಲ್ಲಿ ಸರಾಸರಿ ವ್ಯತ್ಯಾಸ ಶೇ 11.4 ಬಂದಿತ್ತು. ಹಾಗೆ ನೋಡಿದರೆ ಬೆರಳಿನ ಮೀಟರಿಗೂ ಅಂತರರಾಷ್ಟ್ರೀಯ ಮಾನದಂಡ 100ರ ಮೇಲಿನ ಅಂಕಿಗಳಲ್ಲಿ ಶೇ 15ರ ರಿಯಾಯಿತಿ ಕೊಟ್ಟಿದೆ.

ಅಂಗಡಿಗೆ ಹೋಗುವ ಮುಂಚೆ ಫೋನ್ ಸೆಟ್ಟಿಂಗ್ಸ್‌ನಲ್ಲಿ "ಎನ್‌ಎಫ್‌ಸಿ" ಎಂದು ಹುಡುಕಿ; ಹತ್ತಿರ ಹಿಡಿದರೆ ಬಿಲ್ಲೆಯನ್ನು ಓದುವ ಸೌಲಭ್ಯ ಅದು. ಅದು ಸಿಗದಿದ್ದರೆ ನಿಮ್ಮ ಫೋನ್ ಈ ಬಿಲ್ಲೆಯನ್ನು ಓದುವುದೇ ಇಲ್ಲ; ಹದಿನೈದು ಸಾವಿರದೊಳಗಿನ ಎಷ್ಟೋ ಫೋನ್‌ಗಳಲ್ಲಿ ಅದು ಇರುವುದಿಲ್ಲ. ಬಿಲ್ಲೆಯನ್ನು ಓದುವುದಕ್ಕೆಂದೇ ಇರುವ ಸಾಧನ, ಅಂದರೆ ರೀಡರ್, ಕೊಂಡರೆ ಖರ್ಚು ಬೇರೆ. ಇನ್ನೊಂದು ಎಡವಟ್ಟು ಮನೆಮನೆಯಲ್ಲೂ ಆಗುವಂಥದ್ದು: ಅಪ್ಪನ ತೋಳಿಗೆ ಬಿಲ್ಲೆ ಹಾಕಿ, ಮಗಳ ಫೋನಿನಲ್ಲಿ ಶುರು ಮಾಡುವುದು. ಯಾವ ಫೋನಿನಲ್ಲಿ ಶುರುವಾಯಿತೋ ಕೊನೆಯ ದಿನದ ತನಕ ಅದೇ ಫೋನು. ಮಗಳು ಸೋಮವಾರ ಬೆಂಗಳೂರಿಗೆ ಬಸ್ ಹತ್ತಿದರೆ ಬಿಲ್ಲೆ ಊರಲ್ಲಿ ಮೂಕವಾಗಿ ಕೂರುತ್ತದೆ. ರೀಡರ್ ಮತ್ತು ಫೋನ್ ಎರಡರಲ್ಲೂ ಓದಬೇಕಿದ್ದರೆ ಮೊದಲು ರೀಡರಿನಲ್ಲಿ ಶುರು ಮಾಡಿ, ಒಂದು ಗಂಟೆಯೊಳಗೆ ಫೋನಿನಲ್ಲೂ ಸ್ಕ್ಯಾನ್ ಮಾಡಬೇಕು.

ಆನ್‌ಲೈನಿನಲ್ಲಿ ತರಿಸುವವರು ಪೆಟ್ಟಿಗೆಯ ಮೇಲೆ ಥರ್ಮಾಮೀಟರ್ ಚಿತ್ರದ ಪಕ್ಕ ಮುದ್ರಿಸಿದ ಉಷ್ಣಾಂಶದ ಮಿತಿ ನೋಡಿ. ತೋಳಿನ ಮೇಲಿದ್ದಾಗ ಬಿಲ್ಲೆ 45 ಡಿಗ್ರಿ ಸೆಲ್ಸಿಯಸ್ ತನಕ ತಡೆಯುತ್ತದೆ, ಆದರೆ ತೆರೆಯದ ಪೆಟ್ಟಿಗೆಯನ್ನು ಇಡಬೇಕಾದ ಮಿತಿ ಅದಕ್ಕಿಂತ ಬಹಳ ಕಡಿಮೆ. ಏಪ್ರಿಲ್ ತಿಂಗಳಲ್ಲಿ ರಾಯಚೂರಿನ ಬಿಸಿಲಲ್ಲಿ ಕೊರಿಯರ್ ವ್ಯಾನಿನೊಳಗೆ ಮಧ್ಯಾಹ್ನ ಕಳೆದ ಪೆಟ್ಟಿಗೆಗಿಂತ ಎ.ಸಿ. ಇರುವ ಮೆಡಿಕಲ್ ಶಾಪಿನದೇ ವಾಸಿ. ಬಿಲ್ ಮತ್ತು ಸೀರಿಯಲ್ ನಂಬರಿನ ಫೋಟೊ ತೆಗೆದಿಟ್ಟುಕೊಳ್ಳಿ. ಬಿಲ್ಲೆ ನಡುವೆ ಕೆಟ್ಟರೆ ಕಂಪನಿಯ ಸಹಾಯವಾಣಿಯಲ್ಲಿ ಮೊದಲು ಕೇಳುವುದು ಅದನ್ನೇ.

ಹಾಕಿಕೊಳ್ಳುವುದು ತೋಳಿನ ಹಿಂಭಾಗಕ್ಕೆ, ಭುಜ ಮತ್ತು ಮೊಣಕೈ ನಡುವಿನ ಮೆತ್ತನೆಯ ಜಾಗಕ್ಕೆ. ಮಚ್ಚೆ, ಗಾಯದ ಗುರುತು, ಇನ್ಸುಲಿನ್ ಚುಚ್ಚುವ ಜಾಗ ಬೇಡ. ರವಿಕೆ ತೊಡುವವರು ತೋಳಿನ ಅಂಚು ಎಲ್ಲಿ ಬಂದು ನಿಲ್ಲುತ್ತದೆ ಎಂದು ಮೊದಲೇ ನೋಡಿಕೊಳ್ಳಬೇಕು; ಅಂಚು ಸರಿಯಾಗಿ ಬಿಲ್ಲೆಯ ಮೇಲೇ ಬಂದರೆ ರವಿಕೆ ಬಿಚ್ಚುವಾಗ ಅದೂ ಜೊತೆಗೆ ಎದ್ದು ಬರುತ್ತದೆ. ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿಕೊಂಡ ದಿನ ಅಂಟಿಸಬೇಡಿ. ಅಂಟು ಕೈಕೊಡುವುದು ಹೆಚ್ಚಾಗಿ ಚರ್ಮದ ಮೇಲೆ ಉಳಿದ ಎಣ್ಣೆ ಅಥವಾ ಲೋಶನ್‌ನಿಂದ. ಸಾದಾ ಸೋಪಿನಲ್ಲಿ ತೊಳೆದು, ಕೂದಲು ದಟ್ಟವಾಗಿದ್ದರೆ ಬೋಳಿಸಿ, ಪೆಟ್ಟಿಗೆಯಲ್ಲಿ ಬರುವ ಸ್ಪಿರಿಟ್ ಒರಸಿನಿಂದ ಒರಸಿ, ಪೂರ್ತಿ ಒಣಗುವ ತನಕ ಕಾಯಬೇಕು. ಆಮೇಲೆ ಡಬ್ಬಿಯ ಮುಚ್ಚಳ ಸುಲಿದು, ಬಿಲ್ಲೆಯನ್ನು ತೋಳಿಗೆ ಕೂರಿಸುವ ಅಪ್ಲಿಕೇಟರಿನ ಗಾಢ ಗೆರೆಯನ್ನು ಡಬ್ಬಿಯ ಗೆರೆಗೆ ಸರಿಯಾಗಿ ಕೂರಿಸಿ, ಗಟ್ಟಿ ಮೇಜಿನ ಮೇಲಿಟ್ಟು ನಿಲ್ಲುವ ತನಕ ಒತ್ತಿ. ಹಾಸಿಗೆಯ ಮೇಲೆ ಇಟ್ಟು ಒತ್ತಿದರೆ ಬಿಲ್ಲೆ ಸರಿಯಾಗಿ ಕೂರುವುದಿಲ್ಲ. ಒಳಗೆ ಸೂಜಿ ಇದೆ, ಬೆರಳು ಹಾಕಬೇಡಿ. ತೋಳಿಗೆ ಹಿಡಿದು ಒಂದೇ ಸಲ ಒತ್ತಿದರೆ ಟಕ್ ಎನ್ನುತ್ತದೆ, ನೋವು ಇರುವೆ ಕಚ್ಚಿದಷ್ಟು. ತೊಟ್ಟು ರಕ್ತ ಬಂದರೆ ಪರವಾಗಿಲ್ಲ, ನಿಲ್ಲದೆ ಜಿನುಗಿದರೆ ತೆಗೆದುಬಿಡಬೇಕು.

ಸ್ಕ್ಯಾನ್ ಮಾಡಿ ಶುರು ಮಾಡಿದ 60 ನಿಮಿಷಕ್ಕೆ ಮೊದಲ ಅಂಕಿ ಬರುತ್ತದೆ. ಮೊದಲ ದಿನದ ಅಂಕಿಗಳಿಗೆ ಕಿವಿಗೊಡಬೇಡಿ. ಚುಚ್ಚಿದ ಜಾಗದ ಅಂಗಾಂಶ ಸಮಾಧಾನವಾಗುವ ತನಕ ಓದು ಹೆಚ್ಚುಕಮ್ಮಿ ಆಗುತ್ತಿರುತ್ತದೆ. ಗೊತ್ತಿರುವವರು ಹಿಂದಿನ ಸಂಜೆಯೇ ಅಂಟಿಸಿ ಮರುದಿನ ಬೆಳಿಗ್ಗೆ ಶುರು ಮಾಡುತ್ತಾರೆ, 14 ದಿನದ ಗಡಿಯಾರ ಓಡುವುದು ಶುರು ಮಾಡಿದ ಮೇಲೆಯೇ. ಬಿಲ್ಲೆಯ ನೆನಪಿನ ಶಕ್ತಿ ಎಂಟು ಗಂಟೆ. ರಾತ್ರಿ ಹತ್ತೂವರೆಗೆ ಸ್ಕ್ಯಾನ್ ಮಾಡಿ ಮಲಗಿ ಬೆಳಿಗ್ಗೆ ಏಳಕ್ಕೆ ನೋಡಿದರೆ ಹತ್ತೂವರೆಯಿಂದ ಹನ್ನೊಂದರ ತನಕದ ಗ್ರಾಫಿನ ಗೆರೆ ಹೋಯಿತೆಂದೇ ಲೆಕ್ಕ.

ಸುಳ್ಳು ಓದುಗಳಲ್ಲಿ ಅತಿ ಹೆಚ್ಚು ಹೆದರಿಸುವುದು ರಾತ್ರಿಯದು. ಬಿಲ್ಲೆ ಇರುವ ಮಗ್ಗುಲಿಗೆ ತಿರುಗಿ ಮಲಗಿದರೆ ಆ ಜಾಗಕ್ಕೆ ದ್ರವದ ಓಡಾಟ ಕಡಿಮೆಯಾಗಿ ಗೆರೆ ಬಾವಿಗೆ ಬಿದ್ದಂತೆ 60ರ ಕೆಳಕ್ಕೆ ಇಳಿಯುತ್ತದೆ. ಮಗ್ಗುಲು ಬದಲಿಸಿದರೆ ಅಷ್ಟೇ ಬೇಗ ಮೇಲೆ ಬರುತ್ತದೆ. ನಿಜವಾದ ಇಳಿತದ ಗೆರೆ ಹೀಗೆ ಗೋಡೆಯಂತೆ ನೆಟ್ಟಗಿರುವುದಿಲ್ಲ. ಬೆವರು, ನಡುಕ ಇಲ್ಲದೆ ಇಂಥ ಅಂಕಿ ಕಂಡರೆ ಸಕ್ಕರೆ ಬಾಯಿಗೆ ಹಾಕುವ ಮುಂಚೆ ಒಂದು ಬೆರಳು ಚುಚ್ಚಿ. ಲಕ್ಷಣ ಇದ್ದರೆ ಮಾತ್ರ ಕಾಯಬಾರದು, ಮೊದಲು ಸಕ್ಕರೆ, ಆಮೇಲೆ ಲೆಕ್ಕ. ಎರಡನೆಯದು ವಿಟಮಿನ್ ಸಿ. ಶೀತವಾಯಿತೆಂದು ಚೀಪುವ 500 ಮಿಲಿಗ್ರಾಂ ಮಾತ್ರೆ ದಿನಕ್ಕೆರಡಾದರೆ ಎಳೆಯ ತುದಿಯಲ್ಲಿ ವಿಟಮಿನ್ ಸಿ ಕೂಡ ವಿದ್ಯುತ್ ಹುಟ್ಟಿಸಿ, ಇಲ್ಲದ ಶುಗರನ್ನು ತೋರಿಸಬಹುದು. ಆ ಅಂಕಿ ನಂಬಿ ಇನ್ಸುಲಿನ್ ಏರಿಸಿದರೆ ಅಪಾಯ. ನೆಲ್ಲಿಕಾಯಿ ಉಪ್ಪಿನಕಾಯಿಗೆ ಈ ಭಯ ಬೇಡ. ಆಸ್ಪಿರಿನ್ ಓದನ್ನು ಸ್ವಲ್ಪ ಇಳಿಸಬಹುದು ಎಂದು ಕೈಪಿಡಿಯಲ್ಲಿದೆ, ಹಾಗೆಂದು ಹೃದಯಕ್ಕೆ ಕೊಟ್ಟ 75 ಮಿಲಿಗ್ರಾಂ ಮಾತ್ರೆಯನ್ನು ಬಿಲ್ಲೆಗಾಗಿ ನಿಲ್ಲಿಸುವ ಬುದ್ಧಿವಂತಿಕೆ ಬೇಡವೇ ಬೇಡ.

ಇನ್ನು ಇದರಿಂದ ಆಗುವ ಲಾಭದ ಬಗ್ಗೆ ಸಂಶೋಧನೆ ಏನು ಹೇಳುತ್ತದೆ? ಯುರೋಪಿನ 23 ಕೇಂದ್ರಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಇಂಪ್ಯಾಕ್ಟ್ ಅಧ್ಯಯನದಲ್ಲಿ, ಟೈಪ್ 1 (ದೇಹ ಇನ್ಸುಲಿನ್ ತಯಾರಿಸದ ಬಗೆ) ಇರುವ ವಯಸ್ಕರು 70ರ ಕೆಳಗೆ ಕಳೆಯುವ ಸಮಯ ಶೇ 38ರಷ್ಟು ಇಳಿಯಿತು. ಮರುವರ್ಷದ ರಿಪ್ಲೇಸ್ ಅಧ್ಯಯನ ಇನ್ಸುಲಿನ್ ತೆಗೆದುಕೊಳ್ಳುವ ಟೈಪ್ 2 ರೋಗಿಗಳದು: ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆ) ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ, ಆದರೆ ಇಳಿತದ ಸಮಯ ಶೇ 43 ಕಡಿಮೆ. 2022ರ ಫ್ಲ್ಯಾಶ್-ಯುಕೆಯಲ್ಲಿ ಅಲಾರಂ ಇರುವ ಲಿಬ್ರೆ 2 ತೊಟ್ಟ ಟೈಪ್ 1 ಗುಂಪಿನ ಎಚ್‌ಬಿಎ1ಸಿ 8.7ರಿಂದ 7.9ಕ್ಕೆ ಬಂತು, ಬೆರಳು ಚುಚ್ಚುವವರದು 8.5ರಿಂದ 8.3ಕ್ಕೆ. ಮೊದಲೆರಡನ್ನು ಕೂಡಿಸಿ ಓದಿದರೆ ಈ ಬಿಲ್ಲೆಯ ನಿಜವಾದ ಬಲ ಶುಗರ್ ಕುಸಿಯುವುದನ್ನು ಹಿಡಿಯುವುದರಲ್ಲಿದೆ. ಇನ್ಸುಲಿನ್ ಇಲ್ಲದವರಿಗೆ ಇಷ್ಟು ಬಲವಾದ ಸಾಕ್ಷ್ಯ ಇವುಗಳಲ್ಲಿಲ್ಲ, ಅವರಿಗೆ ಇದು ಕಲಿಕೆಯ ಸಾಧನ.

ಕಾಯಿಲೆ ಇಲ್ಲದವರ ಮಾತು ಬೇರೆ. ಅಮೆರಿಕದಲ್ಲಿ ಆರೋಗ್ಯವಂತರಿಗೆ ಇಂಥ ಸೆನ್ಸರ್ ಹಾಕಿ ನೋಡಿದ 2019ರ ಅಧ್ಯಯನದಲ್ಲಿ ಅವರು ದಿನದ ಶೇ 96ರಷ್ಟು ಹೊತ್ತು 70ರಿಂದ 140ರ ನಡುವೆಯೇ ಇದ್ದರು, 140 ದಾಟಿದ್ದು ದಿನಕ್ಕೆ ಅರ್ಧ ಗಂಟೆಯಷ್ಟು. ಅಂದರೆ ಹೋಳಿಗೆ ತಿಂದ ಮೇಲೆ ಒಂದು ಸಲ 150 ಕಂಡರೆ ಅದು ರೋಗವಲ್ಲ. ಬಿಲ್ಲೆಯ ಜೊತೆ ಕೋಚಿಂಗ್ ಸೇರಿಸಿ ದುಬಾರಿ ಪ್ಯಾಕೇಜ್ ಮಾರುವವರು ಈ ಮಾತನ್ನು ಹೇಳುವುದಿಲ್ಲ.

ಕಲಿಕೆಯ ಸಾಧನ ಎಂದೆವಲ್ಲ, ಅದನ್ನು ಬಳಸುವ ಬಗೆ ಹೀಗೆ. ಎರಡನೇ ದಿನದಿಂದ ಐದನೇ ದಿನದ ತನಕ ಎಂದಿನಂತೆ ತಿನ್ನಿ, ಏನನ್ನೂ ಬಿಡಬೇಡಿ. ಪುಸ್ತಕದಲ್ಲಿ ಮೊದಲ ತುತ್ತಿನ ಸಮಯ, ತಿಂದ ಪ್ರಮಾಣ, ಮಾತ್ರೆಯ ಸಮಯ, ನಡಿಗೆ ಇಷ್ಟು ಬರೆಯಿರಿ. "ಮಧ್ಯಾಹ್ನ ಊಟ" ಎಂದು ಬರೆದರೆ ಪ್ರಯೋಜನವಿಲ್ಲ, "1.20, ಮುದ್ದೆ ಒಂದು, ಬಸ್ಸಾರು, ಅನ್ನ ಒಂದು ಸೌಟು" ಎಂದಿರಬೇಕು. ಆರರಿಂದ ಹನ್ನೆರಡನೇ ದಿನ ಪ್ರಯೋಗಕ್ಕೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಒಂದೇ ಊಟವನ್ನು ಕನಿಷ್ಠ ಮೂರು ಸಲ ನೋಡಿ. ಇದು ಹಟದ ಮಾತಲ್ಲ. ಒಂದೇ ಊಟವನ್ನು ಅದೇ ವ್ಯಕ್ತಿಗೆ ಮತ್ತೆ ಕೊಟ್ಟರೂ ಏರಿಕೆ ಬೇರೆಬೇರೆ ಬರುತ್ತದೆಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಒಬ್ಬರ ಮೈಮೇಲೇ ಎರಡು ಬ್ರ್ಯಾಂಡಿನ ಸೆನ್ಸರ್ ಹಾಕಿದಾಗ ಯಾವ ಊಟ ಹೆಚ್ಚು ಏರಿಸಿತು ಎಂಬ ಸಾಲುಪಟ್ಟಿಯೂ ಹೊಂದಲಿಲ್ಲ. ಒಂದೇ ದಿನದ ಗೆರೆ ನೋಡಿ ಬಾಳೆಹಣ್ಣಿಗೆ ಶಾಪ ಹಾಕುವುದು ಅನ್ಯಾಯ.

ಮುದ್ದೆಯನ್ನೇ ತೆಗೆದುಕೊಳ್ಳಿ. "ರಾಗಿ ತಿಂದರೆ ಶುಗರ್ ಏರಲ್ಲ" ಎಂಬ ನಂಬಿಕೆ ಬಿಲ್ಲೆಯ ಮುಂದೆ ಹೆಚ್ಚು ದಿನ ನಿಲ್ಲುವುದಿಲ್ಲ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ 67 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಇದೆ, ಅಷ್ಟೇ ಅಕ್ಕಿಯಲ್ಲಿ 78. ದೊಡ್ಡ ಮುದ್ದೆಯೊಂದಕ್ಕೆ ನೂರು ಗ್ರಾಂ ಹಿಟ್ಟು ಸುಲಭವಾಗಿ ಹಿಡಿಯುತ್ತದೆ. ಸಾಲದ್ದಕ್ಕೆ ಹಿಟ್ಟು ನುಣ್ಣಗೆ, ಬೇಯಿಸಿದ್ದು ಮೆತ್ತಗೆ, ತಿನ್ನುವುದು ಅಗಿಯದೆ ನುಂಗಿ! ಪ್ರಯೋಗ ಹೀಗೆ ಮಾಡಬಹುದು: ಮೂರು ಮಧ್ಯಾಹ್ನ ಎಂದಿನ ಮುದ್ದೆ, ಇನ್ನು ಮೂರು ಮಧ್ಯಾಹ್ನ ಅರ್ಧ ಮುದ್ದೆ, ಅರ್ಧ ಮುದ್ದೆಯ ದಿನ ಅದಕ್ಕೆ ಮೊದಲು ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ, ಕೊನೆಗೆ ಹದಿನೈದು ನಿಮಿಷ ನಡಿಗೆ. ಬದಲಾವಣೆ ಮೂರಾಯಿತು, ಒಂದೇ ಇರಬೇಕಿತ್ತಲ್ಲ ಎನ್ನುವವರು ಸರಿ, ಆದರೆ 14 ದಿನದಲ್ಲಿ ಮೂರನ್ನೂ ಬೇರೆಬೇರೆ ಮಾಡಲು ಊಟಗಳು ಸಾಲವು. ಗೆರೆಯಲ್ಲಿ ಶಿಖರ ಒಂದನ್ನೇ ನೋಡಬೇಡಿ. ಮೊದಲ ತುತ್ತಿಗೆ ಮುಂಚೆ ಎಷ್ಟಿತ್ತು, ಎಷ್ಟು ಮೇಲೆ ಹೋಯಿತು, ಮೂರು ಗಂಟೆಗೆ ಮೂಲಕ್ಕೆ ಮರಳಿತೇ ಎಂಬ ಮೂರನ್ನೂ ಬರೆಯಿರಿ. 180ಕ್ಕೆ ಹೋಗಿ ಎರಡು ಗಂಟೆಯಲ್ಲಿ ಇಳಿದದ್ದಕ್ಕಿಂತ 170ಕ್ಕೆ ಹೋಗಿ ಸಂಜೆ ಕಾಫಿಯ ತನಕ ಅಲ್ಲೇ ಕೂತದ್ದು ಹೆಚ್ಚು ಚಿಂತೆಯದು.

ಬೆಳಗಿನ ಜಾವ ನಾಲ್ಕರಿಂದ ಎಂಟರ ನಡುವೆ ಏನೂ ತಿನ್ನದೆ ಗೆರೆ ಏರುವುದನ್ನು ಕಂಡು ಗಾಬರಿಯಾಗುವವರು ಬಹಳ. ಕಾರ್ಟಿಸೋಲ್‌ನಂಥ ಹಾರ್ಮೋನುಗಳು ಏಳುವ ಹೊತ್ತಿಗೆ ಲಿವರಿನಿಂದ ಗ್ಲೂಕೋಸ್ ಹೊರಡಿಸುತ್ತವೆ, ರಾತ್ರಿ ಊಟ ಬಿಟ್ಟರೂ ಅದು ನಿಲ್ಲುವುದಿಲ್ಲ. ಇದನ್ನು ವೈದ್ಯರಿಗೆ ತೋರಿಸಬೇಕು, ಮಾತ್ರೆಯ ಸಮಯವನ್ನು ತಾವೇ ಬದಲಿಸಬಾರದು.

ಕೊನೆಗೆ ಬರುವ ವರದಿಯಲ್ಲಿ ನೋಡಬೇಕಾದ್ದು ಎರಡು ಮೂರು ಅಂಕಿ ಮಾತ್ರ. 2019ರ ಅಂತರರಾಷ್ಟ್ರೀಯ ಒಮ್ಮತದಂತೆ ಹೆಚ್ಚಿನ ವಯಸ್ಕರಿಗೆ 70ರಿಂದ 180ರ ನಡುವಿನ ಸಮಯ ಶೇ 70 ಮೀರಿರಬೇಕು, 70ರ ಕೆಳಗೆ ಶೇ 4ಕ್ಕಿಂತ ಕಡಿಮೆ, 54ರ ಕೆಳಗೆ ಶೇ 1ಕ್ಕಿಂತ ಕಡಿಮೆ. ವಯಸ್ಸಾದವರಿಗೆ ಇದರಲ್ಲಿ ಮೊದಲ ಗುರಿ ಸಡಿಲ, ಆದರೆ 70ರ ಕೆಳಗಿನ ಮಿತಿ ಇನ್ನೂ ಬಿಗಿ. 14 ದಿನದಲ್ಲಿ ಶೇ 70ರಷ್ಟಾದರೂ ದಾಖಲೆ ಇರದಿದ್ದರೆ ವರದಿಗೆ ಬೆಲೆ ಕಡಿಮೆ, ಎಂಟು ಗಂಟೆಯ ನಿಯಮ ಮರೆತವರು ಸೋಲುವುದು ಇಲ್ಲೇ. ಅಂದಾಜು ಎಚ್‌ಬಿಎ1ಸಿಯನ್ನು ನೀವೇ ತೆಗೆಯಬಹುದು: ಸರಾಸರಿಯನ್ನು 0.02392ರಿಂದ ಗುಣಿಸಿ 3.31 ಕೂಡಿಸಿ. ಸರಾಸರಿ 154 ಆದರೆ 7.0 ಬರುತ್ತದೆ. ಲ್ಯಾಬಿನ ಎಚ್‌ಬಿಎ1ಸಿ ಇದಕ್ಕಿಂತ ಬಹಳ ದೂರ ಇದ್ದರೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆಯಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ರಕ್ತಹೀನತೆ ಇಷ್ಟು ಹಬ್ಬಿರುವ ನಮ್ಮ ಹೆಂಗಸರಲ್ಲಿ ಈ ಒಂದು ಪತ್ತೆಗೇ ಬಿಲ್ಲೆಯ ದುಡ್ಡು ಹುಟ್ಟಿದಂತೆ.

ಐದು ಸಾವಿರ ಹೊರೆ ಎನ್ನಿಸಿದರೆ ಬೆರಳಿನ ಮೀಟರಿನಲ್ಲೇ ಕೆಲಸ ಆಗುತ್ತದೆ: ಮೂರು ದಿನ, ಮೂರು ಊಟದ ಮುಂಚೆ, ಪ್ರತಿಯೊಂದರ ಎರಡು ಗಂಟೆ ಆಮೇಲೆ, ಮಲಗುವಾಗ ಒಂದು. ಒಟ್ಟು 21 ಸ್ಟ್ರಿಪ್, ಐನೂರು ರೂಪಾಯಿ ಆಸುಪಾಸು. ರಾತ್ರಿಯ ಸುದ್ದಿ ಇದರಲ್ಲಿ ಸಿಗುವುದಿಲ್ಲ, ಅಷ್ಟೇ.

ಬಿಲ್ಲೆ ಇರುವಾಗ ಸ್ನಾನಕ್ಕೆ ತೊಂದರೆಯಿಲ್ಲ, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ. ಮಂಗಳೂರಿನ ಸೆಕೆಯಲ್ಲಿ ಅಂಚು ಏಳತೊಡಗಿದರೆ ಸುತ್ತ ಟೇಪ್ ಹಾಕಿ, ನಡುವಿನ ಸಣ್ಣ ತೂತನ್ನು ಮುಚ್ಚಬೇಡಿ. ಎಕ್ಸ್-ರೇ, ಸಿ.ಟಿ., ಎಂ.ಆರ್.ಐ. ಇದ್ದರೆ ಮೊದಲೇ ತೆಗೆಯಬೇಕು, ತೆಗೆದದ್ದನ್ನು ಮತ್ತೆ ಹಾಕಲಾಗದು. ಆದ್ದರಿಂದ ಸ್ಕ್ಯಾನ್ ತಾರೀಕು ನೋಡಿಕೊಂಡು ಕೊಳ್ಳಿ. ಅಂಟಿನ ಕೆಳಗೆ ತುರಿಕೆ, ನೀರುಗುಳ್ಳೆ ಎದ್ದರೆ ಅಲರ್ಜಿ, ಸಹಿಸಿಕೊಂಡು ಕೂರಬೇಡಿ. ಅವಧಿ ಮುಗಿದ ಮೇಲೆ ಅಂಚಿಗೆ ಕೊಬ್ಬರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಟ್ಟರೆ ಚರ್ಮ ಎಳೆಯದೆ ಬಿಡುತ್ತದೆ. ಸೂಜಿ ಇರುವ ಅಪ್ಲಿಕೇಟರನ್ನು ಕಸದ ಬುಟ್ಟಿಗೆ ಹಾಗೇ ಎಸೆಯದೆ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟು ಆಸ್ಪತ್ರೆಗೋ ಲ್ಯಾಬಿಗೋ ಹೋದಾಗ ಅವರ ಸೂಜಿ ಡಬ್ಬಕ್ಕೆ ಹಾಕಿಸಿ. ಕಸ ಬೇರ್ಪಡಿಸುವವರ ಕೈಗೆ ಅದು ಚುಚ್ಚಬಾರದು.