ತೊಳೆದರೆ ಸದ್ದು ಸತ್ತುಹೋಗುವ ಬೆಳ್ಳಿ ಗಿಲಕಿ: ಮೂರೂವರೆ ವರ್ಷ ಬಳಸಿದ ಮೇಲೆ

2022ರಲ್ಲಿ ಮಂಡ್ಯದ ತವರುಮನೆಯಲ್ಲಿ ಮಗಳ ತೊಟ್ಟಿಲು ಶಾಸ್ತ್ರ ಮಾಡಿದಾಗ ನಮ್ಮಣ್ಣ ಕೊಟ್ಟ ಬೆಳ್ಳಿ ಗಿಲಕಿ ಇದು. 38 ಗ್ರಾಂ ತೂಕ, ಮಜೂರಿ ಸೇರಿ ಮೂರು ಸಾವಿರದ ಚಿಲ್ಲರೆ. ಈಗ ಮಗನಿಗೆ ಐದು ತಿಂಗಳು. ಗಿಲಕಿ ಮತ್ತೆ ಬೀರುವಿನಿಂದ ಹೊರಗೆ ಬಂದಿದೆ. ಉಡುಗೊರೆ ಕೊಡಬೇಕು ಅಂತ ಹುಡುಕುತ್ತಿರುವವರಿಗೆ ನಾನು ಪಟ್ಟ ಪಾಡು ಗೊತ್ತಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಅದರ ಸದ್ದಿನ ಬಗ್ಗೆ ಹೇಳಲೇಬೇಕು. ಪ್ಲಾಸ್ಟಿಕ್ ಗಿಲಕಿ ಗಲಗಲ ಅಂತ ಕಿವಿಗೆ ಹೊಡೆಯುತ್ತದೆ. ಇದು ಹಾಗಲ್ಲ, ದೂರದಲ್ಲಿ ಯಾರೋ ಗೆಜ್ಜೆ ಕಟ್ಟಿಕೊಂಡು ನಡೆದ ಹಾಗೆ, ತೆಳ್ಳಗೆ. ಮಗಳು ಎಳೇ ಕೂಸಾಗಿದ್ದಾಗ ಮೈಸೂರಿನ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಅತ್ತೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ ಬಿಸಿನೀರು ಎರೆಯುತ್ತಿದ್ದರು. ತಲೆಗೆ ನೀರು ಬಿದ್ದ ತಕ್ಷಣ ಮನೆ ಹಾರಿಹೋಗುವ ಹಾಗೆ ಅಳು. ಮೈ ಒರೆಸಿ, ಸಾಂಬ್ರಾಣಿ ಹೊಗೆ ತೋರಿಸಿ, ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟಾಗಲೂ ಬಿಕ್ಕುತ್ತಲೇ ಇರುತ್ತಿದ್ದಳು. ನಾನು ಗಿಲಕಿಯನ್ನು ಎರಡೇ ಸಲ ಅಲ್ಲಾಡಿಸುತ್ತಿದ್ದೆ. ಬಿಕ್ಕಳಿಕೆ ನಿಲ್ಲುತ್ತಿತ್ತು, ಕಣ್ಣು ಸದ್ದು ಬಂದ ಕಡೆ ತಿರುಗುತ್ತಿತ್ತು. ಆ ಒಂದು ಗಳಿಗೆಗೆ ನಮ್ಮಣ್ಣ ಕೊಟ್ಟ ದುಡ್ಡು ಸಾರ್ಥಕ.

ತೊಂದರೆ ಶುರುವಾಗಿದ್ದು ಆರನೇ ತಿಂಗಳಲ್ಲಿ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ಕಾಲ. ಗಿಲಕಿ ಕಪ್ಪಾಗಿತ್ತು ಅಂತ ಅತ್ತೆ ವಿಭೂತಿ ಹಾಕಿ ಉಜ್ಜಿ ಫಳಫಳ ಮಾಡಿದರು. ಆದರೆ ಕೆತ್ತನೆಯ ಸಂದಿಯಲ್ಲೆಲ್ಲ ವಿಭೂತಿ ಕೂತಿತ್ತು. ಮಗು ಚೀಪುತ್ತದೆ ಅಂತ ನಾನು ಬಿಸಿನೀರಲ್ಲಿ ಮುಳುಗಿಸಿ ತೊಳೆದೆ. ಅಲ್ಲಿಗೆ ಸದ್ದು ಹೋಯಿತು. ಅಲ್ಲಾಡಿಸಿದರೆ ಒದ್ದೆ ಅಕ್ಕಿ ತುಂಬಿದ ಡಬ್ಬಿಯ ಹಾಗೆ ಮಂಕಾಗಿ ಕೇಳಿಸಿತು. ಮಗಳು ಗಿಲಕಿಯನ್ನೂ ನನ್ನ ಮುಖವನ್ನೂ ನೋಡಿ ಅತ್ತುಬಿಟ್ಟಳು. ಸರಿಯಾಗಲು ಎರಡು ದಿನ ಹಿಡಿಯಿತು. ಮುಂದಿನ ವಾರ ತೊಳೆದಾಗ ಮತ್ತೆ ಅದೇ ಕಥೆ.

ಕೊಂಡ ಅಂಗಡಿಯಲ್ಲಿ ಕೇಳಿದರೆ "ಬೆಳ್ಳಿ ಅಂದ್ಮೇಲೆ ಹಾಗೇ ಮೇಡಂ" ಅಂದರು. ನನಗೆ ತುಂಬಾ ಸಿಟ್ಟು ಬಂತು. ಮಗುವಿನ ಬಾಯಿಗೆ ಹೋಗುವ ಸಾಮಾನನ್ನು ತೊಳೆಯೋಕೆ ಆಗಲ್ಲ ಅಂದರೆ ಹೇಗೆ? ಕೊಡುವಾಗ ಒಂದು ಮಾತು ಹೇಳಬೇಕಲ್ವಾ?

ಅರ್ಥ ಮಾಡಿಸಿದವರು ಅಶೋಕ ರಸ್ತೆ ಹತ್ತಿರ ಗಲ್ಲಿಯಲ್ಲಿ ಕೂರುವ ಒಬ್ಬ ವಯಸ್ಸಾದ ಅಕ್ಕಸಾಲಿ. ಗಿಲಕಿಯನ್ನು ಬೆಳಕಿಗೆ ಹಿಡಿದು, ಹಿಡಿಯ ಬುಡದಲ್ಲಿದ್ದ ಸೂಜಿಮೊನೆಯಷ್ಟು ತೂತು ತೋರಿಸಿದರು. "ನೋಡಮ್ಮ, ಎರಡು ಬಟ್ಟಲು ಮಾಡಿ, ಒಳಗೆ ಕಾಳು ಹಾಕಿ ಬೆಸುಗೆ ಹಾಕ್ತೀವಿ. ಪೂರ್ತಿ ಮುಚ್ಚಿಬಿಟ್ರೆ ಕಾದಾಗ ಒಳಗಿನ ಗಾಳಿ ಹಿಗ್ಗಿ ಬೆಸುಗೆ ಕಿತ್ಕೊಳ್ಳುತ್ತೆ. ಅದಕ್ಕೇ ಈ ತೂತು." ನೀರು ಹೋಗುತ್ತಿದ್ದದ್ದು ಅಲ್ಲಿಂದಲೇ. ತಗಡು ತೆಳ್ಳಗಿದ್ದರೇ ಇಂಥ ಸದ್ದು ಅಂತಲೂ ಹೇಳಿದರು. ದಪ್ಪ ಮಾಡಿದರೆ ಗಟ್ಟಿಯಾಗುತ್ತದೆ, ದನಿ ಹೋಗುತ್ತದೆ. ಇಷ್ಟು ಕೇಳಿದ ಮೇಲೆ ಗಿಲಕಿ ಮೇಲಿನ ನನ್ನ ಸಿಟ್ಟು ಇಳಿಯಿತು. ಅಂಗಡಿಯವರ ಮೇಲಿನದು ಇಳಿದಿಲ್ಲ.

ಆಮೇಲೆ ನಾನು ಅದನ್ನು ಮುಳುಗಿಸಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ತೂತು ಕೆಳಗೆ ಬರುವ ಹಾಗೆ ಲೋಟದಲ್ಲಿ ನಿಲ್ಲಿಸಿ ಕಿಟಕಿ ಬಿಸಿಲಿಗೆ ಇಡುತ್ತೇನೆ. ಕಪ್ಪಾಗುವುದು ಗಾಳಿಯಲ್ಲಿರುವ ಗಂಧಕದಿಂದ. ಅದಕ್ಕೆ ಕಲಬೆರಕೆ ಅಂತ ಹೆದರಬೇಡಿ.

ಆದರೆ ಚೀಪುವ ಮಗುವಿನ ಕೈಗೆ ಇದನ್ನು ಕೊಟ್ಟು ಆಚೆ ಹೋಗಬೇಡಿ. ಹಲ್ಲು ಬಂದ ಮೇಲಂತೂ ಕೊಡಲೇಬೇಡಿ. ಬೆಳ್ಳಿ ಸಾಮಾನಿನ ಮೇಲೆ 925 ಅಂತ ಮುದ್ರೆ ಇದ್ದರೆ ನೂರಕ್ಕೆ 92.5 ಪಾಲು ಬೆಳ್ಳಿ, ಗಟ್ಟಿತನಕ್ಕೆ ಉಳಿದದ್ದು ಸಾಮಾನ್ಯವಾಗಿ ತಾಮ್ರ. ಆದರೂ ನಮ್ಮದರ ಹಿಡಿ ಮೇಲೆ ಮಗಳ ಹಲ್ಲಿನ ಗುರುತು ಬಿದ್ದಿದೆ. ಬೆಸುಗೆ ಬಿಟ್ಟರೆ ಒಳಗಿನ ಕಾಳು ಗಂಟಲಿಗೆ ಹೋಗಬಹುದು. ನಾನು ವಾರಕ್ಕೊಮ್ಮೆ ಸೇರುವೆ ಮೇಲೆ ಉಗುರು ಎಳೆದು ನೋಡುತ್ತೇನೆ. ಮಗ ಚೀಪಲಿಕ್ಕೆ ಚನ್ನಪಟ್ಟಣದ ಮರದ ಗಿಲಕಿ ತಂದಿದ್ದೇನೆ. ಹಾಲೆ ಮರ, ಅರಗಿನ ಬಣ್ಣ. ಅದನ್ನೂ ನೆನೆಸಬಾರದು, ಒರೆಸಿದರೆ ಸಾಕು. ಬೆಲೆ ಬೆಳ್ಳಿಯದರ ಹತ್ತನೇ ಒಂದು ಪಾಲೂ ಇಲ್ಲ.

ಬೆಳ್ಳಿ ಬೆಲೆ ಈಗ ನಾವು ಕೊಂಡಾಗಿನ ಎರಡು ಪಟ್ಟಿಗೂ ಜಾಸ್ತಿ. ಹಾಗಾಗಿ ಸುಮ್ನೆ ತೂಕ ನೋಡಿ ಕೊಳ್ಳಬೇಡಿ. ಕಿವಿ ಹತ್ತಿರ ಅಲ್ಲಾಡಿಸಿ, ತೂತು ಎಲ್ಲಿದೆ ಅಂತ ಕೇಳಿ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಶುದ್ಧತೆಯ ಮುದ್ರೆ ಜೊತೆ ಒಂದೊಂದು ಒಡವೆಗೂ ಬೇರೆ ಬೇರೆ ಗುರುತಿನ ಸಂಖ್ಯೆ ಇರುವ ಎಚ್‌ಯುಐಡಿ ಹಾಲ್‌ಮಾರ್ಕ್ ಬಂದಿದೆ. ಕಡ್ಡಾಯವಲ್ಲ, ಆದರೆ ಇದ್ದರೆ ಆ ಆರು ಅಕ್ಷರ-ಅಂಕಿಗಳನ್ನು ಸರ್ಕಾರದ ಗುಣಮಟ್ಟ ಸಂಸ್ಥೆಯ ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿ ನೋಡಬಹುದು.

ಅತ್ತೆ ಈಗ ಮಗನಿಗೆ ಎರೆಯುತ್ತಾರೆ. ಅಳು ಕೇಳಿದ ಕೂಡಲೇ ಮಗಳು ಕಿಟಕಿ ಹತ್ತಿರ ಓಡಿ ಲೋಟದಿಂದ ಗಿಲಕಿ ತೆಗೆಯುತ್ತಾಳೆ. ತಮ್ಮ ಸುಮ್ಮನಾದ ಮೇಲೆ ಒರೆಸಿ, ತೂತು ಹುಡುಕಿ, ಅದನ್ನು ಕೆಳಗೆ ಮಾಡಿ ಮತ್ತೆ ನಿಲ್ಲಿಸುವುದೂ ಅವಳದೇ ಕೆಲಸ.