ಹೊಸಬರ ಸವಾರಿಗೆ ಮೋವಾಬ್, ಫ್ರೂಟಾ, ಸೆಡೋನಾ: ಮೂರು ಮರುಭೂಮಿ ಊರುಗಳ ಹೋಲಿಕೆ

ಊರ ರಸ್ತೆಯಲ್ಲಿ ಸೈಕಲ್ ತುಳಿದದ್ದಷ್ಟೇ ಅನುಭವವಿದ್ದ ನಾನೂ ನನ್ನ ಪತ್ನಿಯೂ ಅಮೆರಿಕದ ಯೂಟಾ ರಾಜ್ಯದ ಮೋವಾಬ್, ಕೊಲರಾಡೊದ ಫ್ರೂಟಾ ಮತ್ತು ಅರಿಜೋನಾದ ಸೆಡೋನಾದಲ್ಲಿ ಸುಲಭವೆಂದು ಹೆಸರಾದ ಮೌಂಟನ್ ಬೈಕ್ (ಗುಡ್ಡಗಾಡಿನ ಸೈಕಲ್) ಟ್ರೈಲ್‌ಗಳಲ್ಲಿ, ಅಂದರೆ ಕಾಲುದಾರಿಯಂಥ ಕಚ್ಚಾ ದಾರಿಗಳಲ್ಲಿ, ಎರಡು ಅಕ್ಟೋಬರ್‌ಗಳಂದು ಸವಾರಿ ಮಾಡಿ ನೋಡಿದೆವು. ಅಲ್ಲಿ ಹಸಿರು ಗುರುತಿನ ಟ್ರೈಲ್ ಎಂದರೆ ಸುಲಭ ಎಂದರ್ಥ. ಆದರೆ ನೆರಳೂ ನೀರೂ ಇಲ್ಲದ ನೆಲದಲ್ಲಿ, ದಣಿದವರು ಎಷ್ಟು ಬೇಗ ಕಾರಿನ ಬಳಿಗೆ ಮರಳಬಹುದು ಎಂಬುದನ್ನೇ ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಮೋವಾಬಿಗೆ ಹೆಸರು ತಂದ ಸ್ಲಿಕ್‌ರಾಕ್ ಟ್ರೈಲನ್ನು ಹೊಸಬರು ಬಿಟ್ಟುಬಿಡುವುದೇ ಸರಿ. 1969ರಲ್ಲಿ ಮೋಟಾರ್‌ಸೈಕಲ್ ಸವಾರರು ಗುರುತಿಸಿದ ಆ ಬಂಡೆದಾರಿಯ ಏರಿಳಿತ ಬಹಳ ಕಡಿದು. ಊರಿನ ಉತ್ತರಕ್ಕಿರುವ ಬಾರ್ ಎಂ ಟ್ರೈಲ್ ಅಗಲವಾಗಿದೆ, ಸೌಮ್ಯವಾಗಿದೆ; ಆದರೆ ಸುಮಾರು 8 ಮೈಲಿಯ ಆ ಸುತ್ತಿನಲ್ಲಿ ಅರ್ಧ ದಾರಿಗೆ ಸುಸ್ತಾದರೆ ಮುಂದೆ ಹೋದರೂ ಹಿಂದೆ ಬಂದರೂ ದೂರ ಒಂದೇ. ಮೋವಾಬ್ ಬಳಿಯ ಡೆಡ್ ಹಾರ್ಸ್ ಪಾಯಿಂಟ್ ಉದ್ಯಾನದ ಇಂಟ್ರೆಪಿಡ್ ಟ್ರೈಲ್‌ಗಳಲ್ಲಿ ಈ ತೊಡಕಿಲ್ಲ. ಅಲ್ಲಿ ಸುಮಾರು 1, 4 ಮತ್ತು 9 ಮೈಲಿಯ ಸುತ್ತುಗಳನ್ನು ಒಂದರೊಳಗೊಂದು ಹೆಣೆದಿರುವುದರಿಂದ, ಚಿಕ್ಕದನ್ನು ಮುಗಿಸಿ, ಮೈಯಲ್ಲಿ ಕಸುವು ಉಳಿದಿದ್ದರೆ ಮಾತ್ರ ದೊಡ್ಡದಕ್ಕೆ ಹೊರಳಬಹುದು. ದೊಡ್ಡ ಸುತ್ತಿನ ಅಂಚಿನಿಂದ ಕೆಳಗೆ ಕಾಣುವ ಕಡುನೀಲಿ ಕೊಳಗಳು ಪೊಟ್ಯಾಷ್ ಒಣಗಿಸುವ ಕಟ್ಟೆಗಳು; ಬಿಸಿಲಿಗೆ ನೀರು ಬೇಗ ಆವಿಯಾಗಲೆಂದು ಅವುಗಳಿಗೆ ಬಣ್ಣ ಬೆರೆಸುತ್ತಾರೆ.

ಫ್ರೂಟಾದಲ್ಲಿ ಕಲಿಕೆ ಬೇಗ. ರಸ್ಲರ್ಸ್ ಲೂಪ್ ಎಂಬ ಸುತ್ತಿನ ಉದ್ದಕ್ಕೂ ಹೊಸ ಸವಾರರಿಗೆ ಸಲಹೆ ನೀಡುವ ಫಲಕಗಳಿವೆ. 18 ರೋಡ್ ಎಂಬ ರಸ್ತೆಯ ಬಳಿಯ ಕೆಸಲ್ ರನ್ ಟ್ರೈಲ್, ಹಳ್ಳದ ದಂಡೆಗಳನ್ನು ತೊಟ್ಟಿಲಿನಂತೆ ಹತ್ತಿಳಿಯುತ್ತ ಸಾಗುವುದರಿಂದ ಬ್ರೇಕನ್ನು ಹದವಾಗಿ ಹಿಡಿಯುವುದನ್ನು ಕೈ ತಾನಾಗಿ ಕಲಿಯುತ್ತದೆ. ನನ್ನ ಪತ್ನಿಗೆ ತಿರುವಿನ ಭಯ ಹೋದದ್ದು ಅಲ್ಲಿಯೇ. ಕೊರತೆಯೆಂದರೆ ಮಣ್ಣು: ಒಂದು ಸಣ್ಣ ಮಳೆಗೆ, ಎರೆಹೊಲದಲ್ಲಿ ಬಂಡಿಯ ಗಾಲಿಗೆ ಮೆತ್ತುವಂತೆ ಜೇಡಿ ಮೆತ್ತಿಕೊಂಡು ನಮ್ಮ ಚಕ್ರಗಳು ನಿಂತೇಹೋದವು. ನೆಲ ಒದ್ದೆಯಿದ್ದರೆ ಆ ದಿನ ಟ್ರೈಲ್‌ಗೆ ಇಳಿಯಲೇಬಾರದು.

ಸೆಡೋನಾದ ಬೆಲ್ ರಾಕ್ ಪಾಥ್‌ವೇ ಅಗಲವಾದ, ಕೆಂಪು ಶಿಖರಗಳ ಬುಡದಲ್ಲಿ ಸಾಗುವ ಬಲು ಸುಂದರ ದಾರಿ. ಆದರೆ ನಡೆಯುವವರ ದಟ್ಟಣೆ ಹೆಚ್ಚು, ಮತ್ತು ಅದರಿಂದ ಕವಲೊಡೆಯುವ ಅನೇಕ ಟ್ರೈಲ್‌ಗಳು ಕಿರಿದಾಗಿ, ಕಲ್ಲಿನ ಮೆಟ್ಟಿಲುಗಳಿಂದಲೂ ಪಾಪಾಸುಕಳ್ಳಿಯಿಂದಲೂ ಕೂಡಿವೆ.

ಆದ್ದರಿಂದ ಮೊದಲ ದಿನಕ್ಕೆ ನಾನು ಇಂಟ್ರೆಪಿಡನ್ನೂ, ಒಣಹವೆಯಿದ್ದರೆ ಎರಡನೆಯ ದಿನಕ್ಕೆ ಕೆಸಲ್ ರನ್ನನ್ನೂ ಆರಿಸುತ್ತೇನೆ. ಎಲ್ಲಿಯೇ ಆಗಲಿ, ಆಯ ತಪ್ಪಿದಾಗ ದಾರಿಯ ಪಕ್ಕಕ್ಕೆ ನುಗ್ಗದೆ ಅಲ್ಲೇ ಕಾಲೂರಿ ನಿಲ್ಲಬೇಕು. ಮೋವಾಬ್ ಸುತ್ತಲಿನ ಮರಳನ್ನು ಹಿಡಿದಿಟ್ಟಿರುವ, ನೆಲದ ಮೇಲಿನ ಕಪ್ಪು ಹಕ್ಕಳೆಯು ಸೂಕ್ಷ್ಮಜೀವಿಗಳು ಹೆಣೆದ ಜೀವಂತ ಪದರವಾಗಿದ್ದು, ಒಂದು ಟೈರಿನ ಗುರುತು ಮಾಯಲು ದಶಕಗಳೇ ಬೇಕಾಗುತ್ತವೆ.