ನಾಲಿಗೆಯಡಿಯ ಹನಿ, ತೋಳಿನ ಇಂಜೆಕ್ಷನ್, ದಿನದ ಮಾತ್ರೆ: ಮೂರನ್ನೂ ಬಳಸಿ ನೋಡಿದ ಮೇಲೆ

ಧೂಳಿನ ನುಸಿಯಿಂದ (ಹಾಸಿಗೆಯ ಧೂಳಿನಲ್ಲಿ ಬದುಕುವ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ) ಬರುವ ಸೀನು ಮತ್ತು ಮೂಗು ಕಟ್ಟುವ ತೊಂದರೆಗೆ ನಾನು ಮೂರು ಬಗೆಯ ಚಿಕಿತ್ಸೆ ಪಡೆದಿದ್ದೇನೆ. ಮೊದಲು ಮಾತ್ರೆ ಮತ್ತು ಮೂಗಿನ ಸ್ಪ್ರೇ, ಆಮೇಲೆ ತೋಳಿಗೆ ಅಲರ್ಜಿ ಇಂಜೆಕ್ಷನ್, ಈಗ ನಾಲಿಗೆಯ ಕೆಳಗೆ ಹಾಕಿಕೊಳ್ಳುವ ಹನಿ. ಹನಿಯನ್ನು ಬಿಡುವ ಯೋಚನೆ ನನಗಿಲ್ಲವಾದ್ದರಿಂದ, ಈ ಹೋಲಿಕೆಯಲ್ಲಿ ನನ್ನ ಒಲವು ಯಾವ ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮಾತ್ರೆಯ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಸೆಟ್ರಿಝಿನ್ ನುಂಗಿದ ಮರುದಿನ ಮಧ್ಯಾಹ್ನದವರೆಗೂ ತೂಕಡಿಕೆ ಹೋಗುತ್ತಿರಲಿಲ್ಲ. ಫೆಕ್ಸೊಫೆನಡಿನ್‌ನಿಂದ ಆ ಕಾಟ ತಪ್ಪಿತು. ಸ್ಟೀರಾಯ್ಡ್ ಸ್ಪ್ರೇ ಕಟ್ಟಿದ ಮೂಗನ್ನು ನಿಜವಾಗಿಯೂ ಬಿಡಿಸುತ್ತದೆ, ಆದರೆ ಅದನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಸೀನು ಮರಳಿ ಬರುತ್ತದೆ. ಇವು ಲಕ್ಷಣವನ್ನು ಅಡಗಿಸುವ ಔಷಧಗಳು; ಅಲರ್ಜಿ ತರುವ ವಸ್ತುವನ್ನೇ ಅಳತೆಯಲ್ಲಿ ಮತ್ತೆ ಮತ್ತೆ ಕೊಟ್ಟು ದೇಹವನ್ನು ಅದಕ್ಕೆ ಒಗ್ಗಿಸುವ ಕೆಲಸವನ್ನು ಮಾಡುವುದು ಇಂಜೆಕ್ಷನ್ ಮತ್ತು ಹನಿ ಮಾತ್ರ.

ಇಂಜೆಕ್ಷನ್ ಪದ್ಧತಿ ಹಳೆಯದು. ಲಂಡನ್ನಿನ ಲಿಯೊನಾರ್ಡ್ ನೂನ್ 1911ರಲ್ಲಿಯೇ ಹುಲ್ಲಿನ ಪರಾಗದ ಸಾರವನ್ನು ಚುಚ್ಚಿ ಕೊಡುವ ಚಿಕಿತ್ಸೆಯ ಬಗ್ಗೆ ಪ್ರಕಟಿಸಿದ್ದರು. ಅದು ಕೆಲಸ ಮಾಡುತ್ತದೆ ಎಂಬುದರಲ್ಲಿ ನನಗೂ ಸಂಶಯವಿಲ್ಲ. ಆದರೆ ಆರಂಭದ ತಿಂಗಳುಗಳಲ್ಲಿ ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕು. ಅಪರೂಪಕ್ಕಾದರೂ ಉಸಿರಾಟಕ್ಕೇ ತೊಂದರೆಯಾಗುವಂಥ ಪ್ರತಿಕ್ರಿಯೆ ಬರಬಹುದಾದ್ದರಿಂದ ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಬೇಕು. ಇದು ಶಾಸ್ತ್ರಕ್ಕೆ ಹೇಳುವ ಮಾತಲ್ಲ. ಸಾವುಗಳು ವರದಿಯಾದ ಮೇಲೆ 1986ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ಈ ಇಂಜೆಕ್ಷನ್ನಿನ ಮೇಲೆ ಬಿಗಿಯಾದ ನಿರ್ಬಂಧ ಹಾಕಿತು, ಮತ್ತು ನಾಲಿಗೆಯಡಿಯ ಮಾರ್ಗದ ಕಡೆಗೆ ಅಲ್ಲಿನ ವೈದ್ಯರ ಗಮನ ಹರಿದದ್ದೂ ಆ ಕಾಲದಲ್ಲಿಯೇ. ಬೆಂಗಳೂರಿನ ಸಂಚಾರದಲ್ಲಿ ಹೋಗಿ ಬರುವ ಹೊತ್ತನ್ನೂ ಸೇರಿಸಿದರೆ ನನಗೆ ಪ್ರತಿ ಬಾರಿಯೂ ಅರ್ಧ ದಿನದ ರಜೆ ಖರ್ಚಾಗುತ್ತಿತ್ತು.

ಹನಿಯಲ್ಲಿ ಮೊದಲ ಡೋಸನ್ನು ಮಾತ್ರ ವೈದ್ಯರ ಎದುರಿನಲ್ಲಿ ಹಾಕಿಸಿಕೊಂಡೆ, ಉಳಿದದ್ದೆಲ್ಲ ಮನೆಯಲ್ಲಿಯೇ. ಬೆಳಿಗ್ಗೆ ಫಿಲ್ಟರಿಗೆ ಬಿಸಿನೀರು ಸುರಿದು ಹನಿ ಹಾಕಿಕೊಂಡರೆ, ಎರಡು ನಿಮಿಷ ನಾಲಿಗೆಯ ಕೆಳಗಿಟ್ಟುಕೊಂಡು ನುಂಗಿ ಇನ್ನಷ್ಟು ಹೊತ್ತು ಬಾಯಿಗೆ ಏನನ್ನೂ ಹಾಕದಿರುವ ನಿಯಮವು ಡಿಕಾಕ್ಷನ್ ಇಳಿಯುವಷ್ಟರಲ್ಲಿ ತಾನಾಗಿಯೇ ಪೂರೈಸುತ್ತದೆ. ಗ್ಲಿಸರಿನ್ ಇರುವುದರಿಂದ ರುಚಿ ತುಸು ಸಿಹಿ. ಆರಂಭದ ವಾರಗಳಲ್ಲಿ ನಾಲಿಗೆಯ ಬುಡದಲ್ಲಿಯೂ ಕಿವಿಯ ಒಳಗೂ ತುರಿಕೆಯಿತ್ತು, ಆಮೇಲೆ ಅದು ನಿಂತಿತು. ಬಾಯಿಹುಣ್ಣಾದಾಗ ಹನಿಗೆ ಬಿಡುವು ಕೊಡಬೇಕು.

ಇಷ್ಟು ಹೊಗಳಿದ ಹನಿಯ ಒಂದು ರಗಳೆಯನ್ನು ಮಾತ್ರ ವಿವರವಾಗಿ ಹೇಳಲೇಬೇಕು, ಅದು ತಂಪಿನದು. ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇಡಬೇಕೆಂದು ಚೀಟಿಯಲ್ಲಿದೆ. ಮನೆಯಲ್ಲಿ ಇದು ಸಮಸ್ಯೆಯೇ ಅಲ್ಲ. ನನ್ನ ಊರು ತೀರ್ಥಹಳ್ಳಿಯ ಕಡೆ. ರಾತ್ರಿ ಬಸ್ಸಿನಲ್ಲಿ ಹೋಗುವಾಗ ಬಾಟಲಿಯನ್ನು ಐಸ್ ಪ್ಯಾಕ್‌ಗೆ ತಾಗಿಸಿ ಇಟ್ಟರೆ ಹೆಪ್ಪುಗಟ್ಟುವ ಭಯ, ದೂರವಿಟ್ಟರೆ ಬೆಚ್ಚಗಾಗುವ ಭಯ, ಮತ್ತು ಹೆಪ್ಪುಗಟ್ಟಿದ ಔಷಧವೂ ಕೆಟ್ಟಂತೆಯೇ ಲೆಕ್ಕ. ಕೊನೆಗೆ ಅಗಲ ಬಾಯಿಯ ಫ್ಲಾಸ್ಕಿನ ತಳದಲ್ಲಿ ಐಸ್ ಹಾಕಿ, ಅದರ ಮೇಲೆ ಮಡಿಸಿದ ಟವೆಲ್ ಇಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿರಿಸಿದ ಬಾಟಲಿಯನ್ನು ನೆಟ್ಟಗೆ ನಿಲ್ಲಿಸುವ ಉಪಾಯ ಸರಿಹೋಯಿತು.

ಆದರೆ ಊರು ತಲುಪಿದ ಮೇಲೆ ಕಷ್ಟ ಇನ್ನೊಂದು ಬಗೆಯದು. ಮಳೆಗಾಲದಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೂ ಕರೆಂಟ್ ಮರುದಿನವೇ ಬರುವುದು, ಅಲ್ಲಿಯವರೆಗೆ ಫ್ರಿಜ್ಜು ಬರೀ ಕಪಾಟು. ಮಲೆನಾಡಿನ ತೇವದಲ್ಲಿ, ಹಳೆಯ ಹತ್ತಿಯ ಹಾಸಿಗೆಗಳಲ್ಲಿ ನುಸಿ ಸೊಂಪಾಗಿ ಬೆಳೆಯುವುದು ಕೂಡ ಇದೇ ಕಾಲದಲ್ಲಿ, ಅಂದರೆ ಹನಿಯನ್ನು ತಪ್ಪಿಸಲು ಮನಸ್ಸಿಲ್ಲದಿರುವಾಗಲೇ ಬಾಟಲಿಗೆ ಗಂಡಾಂತರ. ಅತ್ತಿಗೆ ಅದನ್ನು ಫ್ರೀಜರಿಗೆ ವರ್ಗಾಯಿಸದಂತೆ ಕಾಯುವುದೂ ನನ್ನ ಪಾಲಿನ ಕೆಲಸ. ಈಗ ಎರಡು ದಿನದ ಪ್ರಯಾಣವಾದರೆ ವೈದ್ಯರ ಒಪ್ಪಿಗೆಯಂತೆ ಬಾಟಲಿಯನ್ನು ಬೆಂಗಳೂರಿನಲ್ಲಿಯೇ ಬಿಟ್ಟು ಹೋಗುತ್ತೇನೆ. ಅದಕ್ಕಿಂತ ದೀರ್ಘವಾಗಿ ಬಿಟ್ಟರೆ ಯಾವ ಡೋಸಿನಿಂದ ಮುಂದುವರಿಸಬೇಕೆಂಬುದನ್ನು ಅವರನ್ನೇ ಕೇಳಬೇಕು. ಇಂಜೆಕ್ಷನ್ನಿಗೆ ಈ ತಾಪತ್ರಯವಿಲ್ಲ, ಅದರ ಸೀಸೆ ಆಸ್ಪತ್ರೆಯ ಫ್ರಿಜ್ಜಿನಲ್ಲಿಯೇ ಇರುತ್ತದೆ.

ಅಲರ್ಜಿ ಯಾವುದರಿಂದ ಎಂದು ತಿಳಿಯಲು ಮಾಡುವ ಚರ್ಮಪರೀಕ್ಷೆ ಇಂಜೆಕ್ಷನ್, ಹನಿ ಎರಡಕ್ಕೂ ಒಂದೇ. ಅದಕ್ಕೆ ಮೊದಲು ಸುಮಾರು ಒಂದು ವಾರ ಅಲರ್ಜಿ ಮಾತ್ರೆ ನಿಲ್ಲಿಸಬೇಕು.

ಖರ್ಚಿನಲ್ಲಿ ಮಾತ್ರೆ ಅಗ್ಗ. ಔಷಧದ ಬೆಲೆಯನ್ನಷ್ಟೇ ನೋಡಿದರೆ ನನಗೆ ಹನಿಯೇ ಇಂಜೆಕ್ಷನ್ನಿಗಿಂತ ದುಬಾರಿಯಾಯಿತು, ಆದರೆ ಆಟೋ ಬಾಡಿಗೆಯನ್ನೂ ಕಳೆದುಕೊಂಡ ರಜೆಯನ್ನೂ ಸೇರಿಸಿದರೆ ಲೆಕ್ಕ ತಿರುಗುತ್ತದೆ. ಕನಿಷ್ಠ ಮೂರು ವರ್ಷ ಮುಂದುವರಿಸಬೇಕಾದ ಚಿಕಿತ್ಸೆಯಾದ್ದರಿಂದ ಈ ಲೆಕ್ಕವನ್ನು ತಿಂಗಳಿಗೆ ಹಾಕದೆ ಪೂರ್ತಿ ಅವಧಿಗೆ ಹಾಕಬೇಕು. ಅಮೆರಿಕದ ಔಷಧ ನಿಯಂತ್ರಕರು 2017ರಲ್ಲಿ ಒಪ್ಪಿಗೆ ಕೊಟ್ಟದ್ದು ನುಸಿ ಅಲರ್ಜಿಗೆ ನಾಲಿಗೆಯಡಿ ಇಡುವ ಮಾತ್ರೆಗೇ ಹೊರತು ಹನಿಗಲ್ಲ ಎಂಬುದನ್ನೂ ಹಣ ಕಟ್ಟುವ ಮುನ್ನ ತಿಳಿದಿರಬೇಕು. ನನ್ನ ಮಟ್ಟಿಗೆ ಹನಿಯ ಫಲ ಕಂಡದ್ದು ತಿಂಗಳುಗಳು ಕಳೆದ ಮೇಲೆ: ಹಾಸಿಗೆ ಕೊಡವಿದ ದಿನವೂ ಮಾತ್ರೆ ಬೇಡವೆನಿಸಿತು.

ದಿನವೂ ಒಂದೇ ಹೊತ್ತಿಗೆ ಏಳುವ, ಫ್ರಿಜ್ ಹತ್ತಿರವಿರುವ ನನ್ನಂಥವರಿಗೆ ಹನಿ ಸರಿ. ತಿಂಗಳಿನಲ್ಲಿ ಅರ್ಧ ಭಾಗ ಪ್ರವಾಸದಲ್ಲಿರುವ ನನ್ನ ಅಣ್ಣನಿಗೆ ಇಂಜೆಕ್ಷನ್ನೇ ವಾಸಿ ಎಂದಿದ್ದೇನೆ. ಹತೋಟಿಗೆ ಬಾರದ ಅಸ್ತಮಾ ಇರುವವರಿಗೆ ಎರಡೂ ಕೂಡದು. ಜೇನುಹುಳು ಕಚ್ಚಿ ಅಲರ್ಜಿಯಾಗುವವರಿಗೆ ಕೊಡುವುದು ಇಂಜೆಕ್ಷನ್ನನ್ನೇ.